ವರುಣನ ಮೇಲೆ ಇನ್ನೆಷ್ಟು ವರ್ಷ ಗೂಬೆ ಕೂರಿಸೋಣ?

ನಮ್ಮ ಮೊಬೈಲಿನಲ್ಲಿ ಒಂದು ಫೋಟೋ ಇದೆ. ಬಿರುಕು ಬಿಟ್ಟ ಕೆರೆಯಂಗಳ, ನಡುವೆ ಒಂಟಿ ಹಸು, ಹಿಂದೆ ಜಾಲಿ ಗಿಡಗಳು. 2016ರ ಬರಗಾಲದಲ್ಲಿ ತೆಗೆದದ್ದು. 2018ರಲ್ಲಿ ಡೆಸ್ಕಿನಿಂದ ‘ಬರದ ಫೋಟೋ ಬೇಕು’ ಎಂದು ಫೋನ್ ಬಂದಾಗ ಅದನ್ನೇ ಕಳಿಸಿದೆವು. 2023ರಲ್ಲೂ ಅದನ್ನೇ ಕಳಿಸಿದೆವು. ಮೂರು ಸಲವೂ ಅಚ್ಚಾಯಿತು. ಮೂರು ಸಲವೂ ಶೀರ್ಷಿಕೆ ಹೆಚ್ಚು ಕಡಿಮೆ ಒಂದೇ: ‘ವರುಣನ ಮುನಿಸು, ರೈತ ಕಂಗಾಲು’.

ಮೂರನೆಯ ಸಲ ಅಚ್ಚಾದ ವಾರ ಕೋಲಾರ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಆ ಊರಿನ ಹಿರಿಯರೊಬ್ಬರು ಸಿಕ್ಕರು. ಅವರ ಮನೆಯವರು ಹಿಂದೆ ಆ ಕೆರೆಗೆ ನೀರುಗಂಟಿಗಳಾಗಿದ್ದವರು. ಪೇಪರ್ ಮಡಚಿ ಮೇಜಿನ ಮೇಲಿಟ್ಟು ಕೇಳಿದರು.

“ಇದು ನಮ್ಮ ಕೆರೇನೇ ಅಲ್ವೇನಪ್ಪಾ?”

“ಹೌದು ತಾತಾ.”

“ಮಳೆ ಬರಲಿಲ್ಲ ಅಂತ ಬರ್ದಿದೀರ. ಸರಿ, ಈ ವರ್ಷ ಬರಲಿಲ್ಲ. ಎರಡು ವರ್ಷದ ಹಿಂದೆ ಊರೇ ಮುಳುಗೋ ಹಂಗೆ ಬಂತಲ್ಲ? ಆವಾಗ ಪಕ್ಕದೂರಿನ ಕೆರೆ ಕೋಡಿ ಹೋಯ್ತು. ನಮ್ಮದು ಮೊಣಕಾಲುದ್ದ ನಿಂತು ಉಗಾದಿ ಹೊತ್ತಿಗೆ ಒಣಗಿಹೋಯ್ತು. ಅದ್ಯಾಕೆ ಅಂತ ಒಂದು ಸಲಾನೂ ಬರೀಲಿಲ್ಲ?”

ಉತ್ತರ ನಮಗೆ ಗೊತ್ತಿತ್ತು. ಆ ಕೆರೆಗೆ ನೀರು ತರುವ ಕಾಲುವೆಯ ಮೇಲೆ ಬಡಾವಣೆಯೊಂದು ಎದ್ದಿದೆ. ಕಾಲುವೆ ಇದ್ದ ಜಾಗದಲ್ಲಿ ಒಂದೂವರೆ ಅಡಿ ಅಗಲದ ಸಿಮೆಂಟ್ ಪೈಪು ಇದೆ. ಅದರ ಬಾಯಿಗೆ ಪ್ಲಾಸ್ಟಿಕ್ ಕಸ. ಆ ವರ್ಷದ ಯುಗಾದಿಗೆ ಅದೇ ಬಡಾವಣೆಯ ಶುಭಾಶಯದ ಜಾಹೀರಾತು ನಮ್ಮ ಪುಟದಲ್ಲಿ ಬಂದಿತ್ತು. ತಂದವರು ನಾವೇ. ಕಮಿಷನ್ ಪಡೆದವರೂ ನಾವೇ.

ತಾತನಿಗೆ ಇದನ್ನು ಹೇಳಲಿಲ್ಲ. ಟೀ ದುಡ್ಡು ನಾವು ಕೊಟ್ಟೆವು, ಅಷ್ಟೇ. ಹೇಳದೆ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಪಾಠದ ಚಿತ್ರದಲ್ಲಿ ನಾವಿರಲಿಲ್ಲ

ಜಲಚಕ್ರದ ಚಿತ್ರವನ್ನು ನಾವೆಲ್ಲ ಶಾಲೆಯಲ್ಲಿ ಬರೆದಿದ್ದೇವೆ. ಎಡಗಡೆ ಸಮುದ್ರ, ಮೇಲೆ ಸೂರ್ಯ, ಬಾಣದ ಗುರುತಿನಲ್ಲಿ ಆವಿ, ಮೋಡ, ಬೆಟ್ಟ, ಮಳೆ, ನದಿ, ಮತ್ತೆ ಸಮುದ್ರ. ಹತ್ತು ಅಂಕದ ಪ್ರಶ್ನೆಗೆ ಅಷ್ಟು ಸಾಕಿತ್ತು. ಆದರೆ ಆ ಚಿತ್ರದಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಬೋರ್‌ವೆಲ್ ಇರಲಿಲ್ಲ, ನೀಲಗಿರಿ ತೋಪು ಇರಲಿಲ್ಲ, ಲೇಔಟ್ ಇರಲಿಲ್ಲ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲವಾದ್ದರಿಂದ, ಆ ಚಿತ್ರದ ಬಲಗಡೆಯ ಅರ್ಧಭಾಗ ನಮ್ಮೂರಿನದ್ದೂ ಆಗಿರಲಿಲ್ಲ.

ನಮ್ಮ ಜಿಲ್ಲೆಯ ಜಲಚಕ್ರವನ್ನು ಹಿರಿಯರು ಕೈಯಾರೆ ಕಟ್ಟಿದ್ದರು. ಎರಡು ಸಾವಿರಕ್ಕೂ ಹೆಚ್ಚು ಕೆರೆಗಳು, ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗುವಂತೆ ಸರಪಳಿ. ಬಿದ್ದ ಮಳೆ ಆಂಧ್ರಕ್ಕೋ ತಮಿಳುನಾಡಿಗೋ ಓಡಿಹೋಗುವ ಮೊದಲು ಕೆಲವು ತಿಂಗಳು ಇಲ್ಲಿ ನಿಂತು, ಸ್ವಲ್ಪ ಇಂಗಿ, ಅಚ್ಚುಕಟ್ಟಿನ ಗದ್ದೆಗೆ ಹರಿದು, ಕೆಳಗಿನ ತೆರೆದ ಬಾವಿಗಳಲ್ಲಿ ಮತ್ತೆ ಕಾಣಿಸಿಕೊಳ್ಳಬೇಕು ಎನ್ನುವುದು ಲೆಕ್ಕ. ಅಂದರೆ ಮನುಷ್ಯ ನೀರಿನ ದಾರಿಯಲ್ಲಿ ಕೈ ಹಾಕಿದ್ದು ಇಂದು ನಿನ್ನೆಯಲ್ಲ. ಅಂದು ಹಾಕಿದ ಕೈ ನೀರನ್ನು ನಿಲ್ಲಿಸಿತು. ಇಂದಿನ ಕೈ ಏನು ಮಾಡುತ್ತಿದೆ ಎನ್ನುವುದೇ ಪ್ರಶ್ನೆ.

ಪ್ರಕೃತಿಯ ಪಾಲೆಷ್ಟು?

ಮೊದಲು ವರುಣನ ತಪ್ಪನ್ನೇ ನ್ಯಾಯವಾಗಿ ಬರೆದುಬಿಡೋಣ. ಪಶ್ಚಿಮ ಘಟ್ಟಕ್ಕೆ ಡಿಕ್ಕಿ ಹೊಡೆದ ಮುಂಗಾರು ಮೋಡ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಸಿ, ನಮ್ಮ ಕಡೆ ಬರುವ ಹೊತ್ತಿಗೆ ಹಗುರವಾಗಿರುತ್ತದೆ. ನಮಗೆ ಸಿಗುವುದು ವರ್ಷಕ್ಕೆ ಸರಾಸರಿ 700ರಿಂದ 750 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ಈ ಮಳೆಗಳು ಕೈಕೊಟ್ಟರೆ ವರ್ಷವೇ ಕೈಕೊಟ್ಟಂತೆ.

ಸಾವಿರಾರು ಮೈಲಿ ದೂರದ ಪೆಸಿಫಿಕ್ ಸಾಗರ ಬಿಸಿಯಾದರೂ ನಮಗೆ ಪೆಟ್ಟು. ಎಲ್ ನಿನೋ ಎನ್ನುವ ಆ ವಿದ್ಯಮಾನ ಕಾಣಿಸಿಕೊಂಡ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಅದಕ್ಕೆ ಮುಂಚೆ, ಲಾ ನಿನಾ ಇದ್ದ 2021ರ ನವೆಂಬರ್‌ನಲ್ಲಿ ಇದೇ ಜಿಲ್ಲೆಯಲ್ಲಿ ದಶಕಗಳಿಂದ ತುಂಬದ ಕೆರೆಗಳು ಕೋಡಿ ಹರಿದವು. ರಾಗಿ ಹೊಲದಲ್ಲೇ ಮೊಳೆಯಿತು. ಎರಡೂ ವರ್ಷ ವರದಿ ಮಾಡಿದವರು ನಾವೇ.

ನೆಲದಡಿಯ ಕಲ್ಲೂ ಪ್ರಕೃತಿಯದ್ದೇ. ನಮ್ಮದು ಗ್ರಾನೈಟು, ನೈಸ್ ಕಲ್ಲಿನ ನೆಲ. ಮೇಲೆ ಕೆಲವು ಮೀಟರ್ ಕೊಳೆತ ಕಲ್ಲು, ಅದರ ಕೆಳಗೆ ಗಟ್ಟಿ ಬಂಡೆ, ಬಂಡೆಯಲ್ಲಿ ಅಲ್ಲಲ್ಲಿ ಸೀಳು. ಬಿದ್ದ ಮಳೆಯಲ್ಲಿ ಹತ್ತರಲ್ಲಿ ಒಂದು ಪಾಲಿನ ಆಸುಪಾಸು ಮಾತ್ರ ಇಂಥ ನೆಲದಲ್ಲಿ ಅಂತರ್ಜಲ ಸೇರುತ್ತದೆ. ಉಳಿದದ್ದು ಆವಿಯಾಗುತ್ತದೆ, ಗಿಡ ಕುಡಿಯುತ್ತದೆ, ಹರಿದುಹೋಗುತ್ತದೆ.

ಇಷ್ಟು ಪ್ರಕೃತಿಯ ಲೆಕ್ಕ. ಆದರೆ ಈ ಲೆಕ್ಕದ ಪುಸ್ತಕದಲ್ಲೂ ಈಗ ಮನುಷ್ಯನ ಕೈಬರಹ ಸೇರಿದೆ. ಗಾಳಿಯ ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಬಿಸಿಲಿದ್ದಾಗ ಮಣ್ಣಿನ ಪಸೆ ಬೇಗ ಆರುತ್ತದೆ, ಮಳೆ ಬಂದಾಗ ಒಂದೇ ಏಟಿಗೆ ಸುರಿಯುತ್ತದೆ. ವಾರವಿಡೀ ಹಿಡಿದ ಸೋನೆ ಮಳೆಯ 50 ಮಿಲಿಮೀಟರ್ ಬೇರೆ, ಎರಡು ಗಂಟೆಯಲ್ಲಿ ಬಿದ್ದ 50 ಮಿಲಿಮೀಟರ್ ಬೇರೆ. ಮೊದಲನೆಯದನ್ನು ನೆಲ ಕುಡಿಯುತ್ತದೆ. ಎರಡನೆಯದು ನೆಲದ ಮೇಲ್ಮಣ್ಣನ್ನೂ ಕಟ್ಟಿಕೊಂಡು ಓಡುತ್ತದೆ. ಕೃಷಿ ಇಲಾಖೆಯ ಪಟ್ಟಿಯಲ್ಲಿ ಮಾತ್ರ ಎರಡೂ ಒಂದೇ ಅಂಕಿ. ಆ ಪಟ್ಟಿ ನೋಡಿ ‘ವಾಡಿಕೆ ಮಳೆ’ ಎಂದು ಬರೆಯುವ ನಮ್ಮ ಸುದ್ದಿಯಲ್ಲೂ ಒಂದೇ.

ನಮ್ಮ ಮನೆಯಿಂದಲೇ ಶುರು ಮಾಡೋಣ

ಬೇರೆಯವರ ಮೇಲೆ ಬೆರಳು ತೋರಿಸುವ ಮುಂಚೆ ನಮ್ಮ ಮನೆಯ ಕತೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಎಂದು ನೀಲಗಿರಿ ಸಸಿಗಳು ಊರೂರಿಗೆ ಬಂದವು. ರಾಗಿ, ಹುರುಳಿ, ಅವರೆ ಬೆಳೆಯುತ್ತಿದ್ದ ನಮ್ಮ ಎರಡೂವರೆ ಎಕರೆಗೆ ಅಜ್ಜ ನೀಲಗಿರಿ ನೆಟ್ಟರು. ಕೂಲಿ ಬೇಡ, ಗೊಬ್ಬರ ಬೇಡ, ದನ ಮೇಯುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಲಾರಿ ಬಂದು ಮರ ಕಡಿದು ದುಡ್ಡು ಕೊಟ್ಟು ಹೋಗುತ್ತದೆ. ಅಪ್ಪ ಮತ್ತು ಚಿಕ್ಕಪ್ಪ ಓದಿದ್ದು, ಅತ್ತೆಯ ಮದುವೆ ಆಗಿದ್ದು ಅದರಲ್ಲೇ. ಅಜ್ಜನನ್ನು ಬೈಯಲು ನಮಗೆ ಬಾಯಿ ಬರುವುದಿಲ್ಲ.

ಆದರೆ ತೋಪಿನ ಪಕ್ಕದ ನಮ್ಮ ಬಾವಿ ಬತ್ತಿತು. ಪಕ್ಕದ ಹೊಸಕೋಟೆಯಲ್ಲಿ ವಿಜ್ಞಾನಿಗಳು ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಎಚ್ಚರಿಕೆಯ ಮಾತು ಹೇಳುತ್ತದೆ. ಆಳವಾದ ಮಣ್ಣಿರುವ ಕಡೆ ಎಳೆಯ ನೀಲಗಿರಿ ಬೇರು ಕೆಳಗೆ ಕೆಳಗೆ ಇಳಿಯುತ್ತ, ಆ ವರ್ಷಗಳಲ್ಲಿ ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಕುಡಿದಿತ್ತು. ಅಂದರೆ ಹಿಂದಿನ ಮಳೆಗಾಲಗಳು ಮಣ್ಣಿನಲ್ಲಿ ಕೂಡಿಟ್ಟ ಗಂಟನ್ನೂ ತೆಗೆದಿತ್ತು. ಎಲ್ಲ ಕಡೆಯೂ ಹೀಗೇ ಎಂದಲ್ಲ. ಮಣ್ಣು ತೆಳುವಿರುವ ಕಡೆ ಅದು ಸ್ಥಳೀಯ ಕಾಡಿನಷ್ಟೇ ಕುಡಿಯಿತು. ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ್ದು 2017ರಲ್ಲಿ. ಕಡಿದ ಬುಡ ಚಿಗುರುತ್ತಲೇ ಇರುತ್ತದೆ ಎನ್ನುವುದು ನೀಲಗಿರಿ ತೆಗೆಸಿದವರಿಗೆಲ್ಲ ಗೊತ್ತು.

ಬಾವಿ ಬತ್ತಿದ ಮೇಲೆ ಬೋರ್ ಬಂತು. ಮೊದಲನೆಯದು 300 ಅಡಿಗೆ ಸಿಕ್ಕಿತು. ಎರಡನೆಯದು 800. ಮೂರನೆಯದಕ್ಕೆ ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿ ಪಾಯಿಂಟ್ ಹೇಳುವವರನ್ನು ಕರೆಸಿದೆವು. 1,350 ಅಡಿಯಲ್ಲಿ ಬರೀ ಬಿಳಿ ಧೂಳು ಎದ್ದಿತು. ಅಮ್ಮನ ಬಳೆ ಆ ಧೂಳಿನಲ್ಲಿ ಹೋಯಿತು. ನಾಲ್ಕನೆಯದು ಈಗ ನಡೆಯುತ್ತಿದೆ. ಎಷ್ಟು ದಿನವೋ ಗೊತ್ತಿಲ್ಲ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 700 ಮಿಲಿಮೀಟರ್ ಮಳೆ ಎಂದರೆ ಒಂದು ಎಕರೆಗೆ ಸುಮಾರು 28 ಲಕ್ಷ ಲೀಟರ್. ಅದರಲ್ಲಿ ಹತ್ತನೇ ಒಂದು ಪಾಲು ಇಂಗಿದರೆ 2.8 ಲಕ್ಷ ಲೀಟರ್. ಒಂದು ಎಕರೆ ಟೊಮೆಟೊ ಬೆಳೆಗೆ ಹನಿ ನೀರಾವರಿಯಲ್ಲೂ ಸರಿಸುಮಾರು 15 ಲಕ್ಷ ಲೀಟರ್ ಹಿಡಿಯಿರಿ. ಅಂದರೆ ಒಂದು ಎಕರೆ ಟೊಮೆಟೊ ಐದಕ್ಕೂ ಹೆಚ್ಚು ಎಕರೆಯಲ್ಲಿ ವರ್ಷವಿಡೀ ಇಂಗಿದ ನೀರನ್ನು ಒಂದೇ ಬೆಳೆಗೆ ಕುಡಿಯುತ್ತದೆ. ಕೋಲಾರದ ಎಪಿಎಂಸಿಯಿಂದ ಹೊರರಾಜ್ಯಕ್ಕೆ ಹೋಗುವ ಪ್ರತಿ ಲಾರಿಯಲ್ಲೂ ನಮ್ಮ ಅಂತರ್ಜಲವೇ ಬಾಕ್ಸುಗಳಲ್ಲಿ ಕೂತಿದೆ. ದರ ಬಿದ್ದ ದಿನ ಅದೇ ನೀರನ್ನು ರಸ್ತೆ ಬದಿಗೆ ಸುರಿಯುತ್ತೇವೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಅದು ಬೇಕು, ಇಲ್ಲದಿದ್ದರೆ ಸಣ್ಣ ರೈತ ಉಳಿಯುವುದಿಲ್ಲ. ಆದರೆ ಕರೆಂಟ್ ಉಚಿತ ಎಂದರೆ ನೀರೂ ಉಚಿತ ಎಂದು ನಾವು ಅಂದುಕೊಂಡುಬಿಟ್ಟೆವು.

ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಜತೆ ಹೆಚ್ಚು ಕಾಲ ಕಳೆದಿರುತ್ತದೆ. ಕಲ್ಲಿನ ಫ್ಲೋರೈಡ್ ಅದರಲ್ಲಿ ಕರಗಿರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಮಾನದಂಡ. ಮೀರಿದ ಊರುಗಳಲ್ಲಿ ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆ ನೋಡಿದರೆ ಸಾಕು. ಇದನ್ನು ಬರ ಎನ್ನಲಾಗದು, ಮಳೆ ಬಂದರೂ ಆ ಗೆರೆ ಅಳಿಯುವುದಿಲ್ಲ.

ಕೆರೆಗೆ ಆದದ್ದು

ಕೆರೆಯ ಕತೆ ಇದಕ್ಕಿಂತ ಬೇರೆಯಲ್ಲ. ಬೋರ್ ಬಂದ ಮೇಲೆ ಕೆರೆಯನ್ನು ನಂಬಿದವರು ಕಡಿಮೆಯಾದರು. ತೂಬು ಎತ್ತಲು ನೀರುಗಂಟಿ ಬೇಕಾಗಲಿಲ್ಲ. ಕಾಲುವೆಯ ಹೂಳು ತೆಗೆಯಲು ಮನೆಗೊಂದಾಳು ಬರುವುದು ನಿಂತಿತು. ಯಾರೂ ನೋಡದ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಕೆರೆಯ ಜೇಡಿಯನ್ನು ಇಟ್ಟಿಗೆ ಗೂಡಿಗೆ ಒಯ್ದರು. ಮಣ್ಣನ್ನೇ ತೊಳೆದು ಫಿಲ್ಟರ್ ಮರಳು ಮಾಡಿದರು. ಒಂದು ಲೋಡ್ ಮರಳಿಗಾಗಿ ನೀರನ್ನೂ ಮಣ್ಣನ್ನೂ ಒಟ್ಟಿಗೆ ಕಳೆದುಕೊಂಡ ಊರುಗಳನ್ನು ನಾವು ನೋಡಿದ್ದೇವೆ. ಇನ್ನು ಹೆದ್ದಾರಿ ಪಕ್ಕದ ಊರುಗಳಲ್ಲಿ ಕಾಲುವೆಯೇ ಸೈಟಾಯಿತು.

ಕೆರೆ ಎಂದರೆ ಬರೀ ಗುಂಡಿಯಲ್ಲ. ಅದರ ಮೇಲಿನ ಇಳಿಜಾರು, ನೀರು ತರುವ ಕಾಲುವೆ, ಏರಿ, ತೂಬು, ಕೋಡಿ ಎಲ್ಲ ಸೇರಿ ಕೆರೆ. ನಾವು ಸುದ್ದಿಯಲ್ಲಿ ಬರೆಯುವುದು ಹೂಳೆತ್ತುವ ಕಾಮಗಾರಿಗೆ ಗುದ್ದಲಿ ಪೂಜೆ ಆದ ದಿನ. ಗುಂಡಿ ಆಳವಾಗುತ್ತದೆ, ಶಾಸಕರ ಫೋಟೋ ಬರುತ್ತದೆ, ನೀರು ಬರುವ ದಾರಿ ಮುಚ್ಚಿಯೇ ಇರುತ್ತದೆ.

ಕೊಡಗಿನ ಮಳೆ ಕೋಲಾರದ ಕೆರೆಗೆ

ಮನುಷ್ಯ ಜಲಚಕ್ರವನ್ನು ಎಷ್ಟರ ಮಟ್ಟಿಗೆ ತಿರುಗಿಸಬಲ್ಲ ಎನ್ನುವುದಕ್ಕೆ ಪುಸ್ತಕ ಹುಡುಕಬೇಕಿಲ್ಲ, ಕೆ.ಸಿ. ವ್ಯಾಲಿ ಯೋಜನೆ ನೋಡಿದರೆ ಸಾಕು. ಕೊಡಗಿನಲ್ಲಿ ಬಿದ್ದ ಮಳೆ ಕಾವೇರಿಯಾಗಿ ಹರಿಯುತ್ತದೆ. ಅದನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಬೆಂಗಳೂರಿಗೆ ಎತ್ತುತ್ತಾರೆ. ಅಲ್ಲಿನ ಅಡುಗೆ ಮನೆ, ಬಚ್ಚಲು, ಶೌಚಾಲಯದಿಂದ ಹೊರಬಿದ್ದ ಆ ನೀರು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ ಸೇರುತ್ತಿತ್ತು. ಈಗ ಅದರಲ್ಲಿ ಒಂದು ಪಾಲನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಪೈಪಿನಲ್ಲಿ ಕೋಲಾರಕ್ಕೆ ತಂದು ಕೆರೆಗಳಿಗೆ ಬಿಡುತ್ತಾರೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಒಂದು ಕಣಿವೆಯ ಮಳೆ ಇನ್ನೊಂದು ಕಣಿವೆಯ ಕೆರೆಯಲ್ಲಿ! ಇದು ಯಾವ ಪಾಠದ ಚಿತ್ರದಲ್ಲೂ ಇರಲಿಲ್ಲ.

2018ರಲ್ಲಿ ನೀರು ಬಂತು. ಅದೇ ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು, ನೀರು ನಿಂತಿತು, ಮತ್ತೆ ಬಂತು. ನೂರಕ್ಕೂ ಹೆಚ್ಚು ಕೆರೆಗಳ ಯೋಜನೆ ಇದು. ತುಂಬಿದ ಕೆರೆಗಳ ಸುತ್ತ ಬೋರ್‌ಗಳಲ್ಲಿ ನೀರು ಮೇಲೆ ಬಂದದ್ದು ನಿಜ. ಬತ್ತಿದ ಬಾವಿಯಲ್ಲಿ ನೀರು ನೋಡಿ ಕೈ ಮುಗಿದವರನ್ನು ನಾವು ಕಂಡಿದ್ದೇವೆ. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಎಂದು ಹೋರಾಟಗಾರರು ಕೇಳುತ್ತಿರುವುದೂ ನ್ಯಾಯವೇ. ಒಂದು ಕಡೆ ನಿಂತು ‘ವರ’ ಎಂದು ಕೂಗುವವರು, ಇನ್ನೊಂದು ಕಡೆ ನಿಂತು ‘ವಿಷ’ ಎಂದು ಕೂಗುವವರು ಇಬ್ಬರ ಹೇಳಿಕೆಯನ್ನೂ ಅಚ್ಚು ಹಾಕಿ ನಾವು ಕೆಲಸ ಮುಗಿಸಿದೆವು. ಅದೇ ಊರಿನ ಕೊಳವೆಬಾವಿ ನೀರಿನ ಪರೀಕ್ಷಾ ವರದಿಯನ್ನು ಪಂಚಾಯಿತಿಯಲ್ಲಿ ಕೇಳಿ ತರುವುದು ನಮ್ಮ ಕೆಲಸವಾಗಿತ್ತು. ತರಲಿಲ್ಲ.

ಇದಕ್ಕಿಂತ ನೋವಿನ ವಿಷಯ ಇನ್ನೊಂದಿದೆ. ಬೆಂಗಳೂರಿನ ಬಚ್ಚಲು ನೀರಿಗಾಗಿ ನಾವು ಕೈಚಾಚುವ ಸ್ಥಿತಿ ಬಂದದ್ದು, ನಮ್ಮ ಮೇಲೆಯೇ ಬೀಳುವ ಎಕರೆಗೆ 28 ಲಕ್ಷ ಲೀಟರ್ ಶುದ್ಧ ನೀರಿನ ದಾರಿಯನ್ನು ನಾವೇ ಮುಚ್ಚಿಕೊಂಡ ಮೇಲೆ.

ಪದದಲ್ಲೇ ಇದೆ ಗುಟ್ಟು

‘ವರುಣನ ಮುನಿಸು’ ಎನ್ನುವ ಎರಡು ಪದ ಏಕೆ ಇಷ್ಟು ಸಲೀಸಾಗಿ ಬರುತ್ತದೆ ಎಂದು ಯೋಚಿಸಿದ್ದೇವೆ. ಅದು ಎಲ್ಲರಿಗೂ ಅನುಕೂಲ. ಬರ ದೇವರದ್ದಾದರೆ ಯಾರ ಮೇಲೂ ನೋಟಿಸ್ ಬೇಕಿಲ್ಲ. ಬರ ಅಧ್ಯಯನ ತಂಡ ಬರುತ್ತದೆ, ಹೋಗುತ್ತದೆ. ಟ್ಯಾಂಕರ್ ಟೆಂಡರ್ ಆಗುತ್ತದೆ, ಪರಿಹಾರದ ಹಣ ತಡವಾಗಿಯಾದರೂ ಖಾತೆಗೆ ಬೀಳುತ್ತದೆ. ಅದೇ ‘ಸರ್ವೆ ನಂಬರ್ ಇಂತಿಷ್ಟರ ಕಾಲುವೆ ಮುಚ್ಚಿದ್ದರಿಂದ ಕೆರೆ ತುಂಬಲಿಲ್ಲ’ ಎಂದು ಬರೆದರೆ ಒಬ್ಬರ ಹೆಸರು ಹೇಳಬೇಕಾಗುತ್ತದೆ. ಸರ್ವೆಯರ್ ಬರಬೇಕಾಗುತ್ತದೆ. ಜಾಹೀರಾತು ಹೋಗುತ್ತದೆ.

ನಮ್ಮಂಥ ಬಿಡಿ ಸುದ್ದಿಗಾರರ ಪಾಡು ಈ ಬ್ಲಾಗ್ ಓದುವವರಿಗೆ ಹೊಸದಲ್ಲ. ಸುದ್ದಿಗೆ ಸಿಗುವ ದುಡ್ಡಿನಲ್ಲಿ ಬೈಕಿನ ಪೆಟ್ರೋಲ್ ಹುಟ್ಟುವುದಿಲ್ಲ. ಮನೆ ನಡೆಯುವುದು ಜಾಹೀರಾತಿನ ಕಮಿಷನ್‌ನಲ್ಲಿ. ಜಾಹೀರಾತು ಕೊಡುವವರು ಯಾರು? ಲೇಔಟಿನವರು, ಬೋರ್‌ವೆಲ್ ಏಜೆನ್ಸಿಯವರು, ಹುಟ್ಟುಹಬ್ಬದ ಶುಭ ಕೋರುವ ಗುತ್ತಿಗೆದಾರರು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಮಳೆಯಿಂದ ಬಾವಿಯವರೆಗಿನ ದಾರಿಯಲ್ಲಿ ಅಡ್ಡ ನಿಂತವರ ಸಾಲಿನಲ್ಲಿ ನಾವೂ ಇದ್ದೇವೆ ಎಂದು ಹೇಳುತ್ತಿದ್ದೇವೆ.

ಡಿಪ್ಲೊಮಾ ತರಗತಿಯಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂದು ಬಾಯಿಪಾಠ ಮಾಡಿದ್ದೆವು. ಬರದ ಸುದ್ದಿಯಲ್ಲಿ ಎಲ್ಲಿ, ಯಾವಾಗ ಇರುತ್ತದೆ. ‘ಯಾರು’ ಎನ್ನುವ ಜಾಗಕ್ಕೆ ವರುಣನನ್ನು ಕೂರಿಸಿದ್ದೇವೆ. ‘ಏಕೆ’ ಖಾಲಿ.

ನಾವು ಏನು ಮಾಡಬಹುದು

ದೊಡ್ಡ ಮಾತು ಬೇಡ. ಜಿಲ್ಲೆ, ತಾಲ್ಲೂಕುಗಳಲ್ಲಿ ಕೆಲಸ ಮಾಡುವ ನಾವು ನಾಳೆಯಿಂದಲೇ ಮಾಡಬಹುದಾದ ಕೆಲವು ಕೆಲಸಗಳಿವೆ.

ಮಳೆಯ ಸುದ್ದಿ ಬರೆಯುವಾಗ ಎಷ್ಟು ಮಿಲಿಮೀಟರ್ ಎನ್ನುವುದರ ಜತೆ ಎಷ್ಟು ದಿನದಲ್ಲಿ, ಎಷ್ಟು ಹೊತ್ತಿನಲ್ಲಿ ಬಿತ್ತು ಎಂದೂ ಬರೆಯೋಣ. ಕೆರೆ ಒಣಗಿದ ಫೋಟೋ ತೆಗೆದರೆ ಅದರ ಕಾಲುವೆಯ ಫೋಟೋವನ್ನೂ ತೆಗೆಯೋಣ. ಒಣ ಕೆರೆಗಿಂತ ಕಾಲುವೆ ಹೆಚ್ಚು ಮಾತಾಡುತ್ತದೆ. ಗ್ರಾಮ ನಕಾಶೆ ಯಾರು ಬೇಕಾದರೂ ನೋಡಬಹುದಾದ ದಾಖಲೆ. ಕಾಲುವೆ ಎಲ್ಲಿತ್ತು ಎಂದು ಅದರಲ್ಲಿ ಗೆರೆ ಎಳೆದು ಇಟ್ಟಿದ್ದಾರೆ. ಬೋರ್ ಫೇಲ್ ಆದ ಸುದ್ದಿಯಲ್ಲಿ ಎಷ್ಟು ಅಡಿ, ಹಿಂದಿನದು ಎಷ್ಟು ಅಡಿ ಎಂದು ಬರೆಯೋಣ. ಹತ್ತು ಊರಿನ ಅಂಥ ಅಂಕಿ ಒಟ್ಟಿಗೆ ಇಟ್ಟರೆ ಕೆಡಿಪಿ ಸಭೆಯಲ್ಲಿ ಅಧಿಕಾರಿ ತಲೆ ಎತ್ತಿ ನೋಡುತ್ತಾರೆ. ಕೆರೆಗೆ ಬಿಟ್ಟ ಸಂಸ್ಕರಿತ ನೀರಿನ ಪರೀಕ್ಷಾ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳೋಣ, ಪ್ರತಿ ಮೂರು ತಿಂಗಳಿಗೆ ಕೇಳೋಣ.

ಸರ್ಕಾರಕ್ಕೆ ನಮ್ಮ ಮಾತು ಇಷ್ಟೇ: ಹೂಳೆತ್ತುವ ಮುಂಚೆ ಕಾಲುವೆ ತೆರೆಸಿ. ಪೈಪಿನಲ್ಲಿ ನೀರು ತರುವ ಕೋಟಿಗಳ ಪಕ್ಕದಲ್ಲಿ ಸರ್ವೆಯರಿಗೆ, ಒತ್ತುವರಿ ತೆರವಿಗೆ ಹಣ ಇಡಿ. ನೀಲಗಿರಿ ಬುಡ ಕೀಳುವ ಖರ್ಚನ್ನು ಸಣ್ಣ ರೈತನ ಮೇಲೆ ಹಾಕಬೇಡಿ; ನೆಡಿ ಎಂದು ಸಸಿ ಕೊಟ್ಟಾಗ ನೀವೂ ಜತೆಗಿದ್ದಿರಿ. ರಾಗಿ, ತೊಗರಿ, ಅವರೆಗೆ ಬೆಲೆ ಸಿಕ್ಕರೆ ಟೊಮೆಟೊ ಜೂಜಿಗೆ ಇಳಿಯುವವರು ತಾನಾಗಿ ಕಡಿಮೆಯಾಗುತ್ತಾರೆ.

ಎಲ್ ನಿನೋವನ್ನು ನಾವು ತಡೆಯಲಾರೆವು. ಘಟ್ಟವನ್ನು ಸರಿಸಲಾರೆವು, ಬಂಡೆಯನ್ನು ಮೆತ್ತಗೆ ಮಾಡಲಾರೆವು. ಮುಂದಿನ ಬರ ಬಂದೇ ಬರುತ್ತದೆ. ಅದರ ಮುಂಚಿನ ಒಳ್ಳೆಯ ಮಳೆಯಲ್ಲಿ ಎಷ್ಟು ನಿಲ್ಲಿಸಿಕೊಂಡೆವು ಎನ್ನುವುದು ಮಾತ್ರ ನಮ್ಮ ಕೈಯಲ್ಲಿದೆ.

ಹೋದ ವಾರ ಆ ಊರಿಗೆ ಹೋಗಿದ್ದೆವು. ತಾತ ಜತೆಗೆ ಬಂದರು. ಕಾಲುವೆ ಇದ್ದ ದಾರಿಯುದ್ದಕ್ಕೂ ನಡೆದೆವು. ಎಲ್ಲಿ ಅಗಲವಿತ್ತು, ಎಲ್ಲಿ ಕಲ್ಲು ಕಟ್ಟಡವಿತ್ತು ಎಂದು ಅವರು ಕೋಲಿನಲ್ಲಿ ತೋರಿಸಿದರು. ನಕಾಶೆಯ ಗೆರೆಗೂ ಅವರ ಕೋಲಿಗೂ ವ್ಯತ್ಯಾಸವಿರಲಿಲ್ಲ. ಫೋಟೋ ತೆಗೆದೆವು, ಸರ್ವೆ ನಂಬರ್ ಹಾಕಿ ಸುದ್ದಿ ಬರೆದು ಡೆಸ್ಕಿಗೆ ಕಳಿಸಿದ್ದೇವೆ. ಇದುವರೆಗೆ ಬಂದಿಲ್ಲ. ಈ ತಿಂಗಳೊಳಗೆ ಬರದಿದ್ದರೆ ಇದೇ ಬ್ಲಾಗಿನಲ್ಲಿ ನಕಾಶೆಯ ಸಮೇತ ಹಾಕುತ್ತೇವೆ.

ಬಿರುಕು ಬಿಟ್ಟ ಕೆರೆಯ ಆ ಹಳೆಯ ಫೋಟೋವನ್ನು ಮಾತ್ರ ಇನ್ನು ಯಾರು ಕೇಳಿದರೂ ಕಳಿಸುವುದಿಲ್ಲ.